ಅಲ್ಲಿ ಅವನಿಗೆ ಎಷ್ಟು ವಯಸ್ಸು?

ಮೇಷ್ಟ್ರು ಕಾಲೇಜಿನಲ್ಲಿ ಜಗತ್ತಿನ ಧರ್ಮಗಳನ್ನೂ ದರ್ಶನಗಳನ್ನೂ ಹೋಲಿಸಿ ಪಾಠ ಮಾಡಲು ತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು. ಯಾರ ಕಡೆಗೂ ವಾಲದ ಮನುಷ್ಯ ಎಂಬ ಹೆಸರಿತ್ತು. ಆದರೂ ಬುದ್ಧನ ಪಾಠ ಬಂದಾಗ ಅವರ ದನಿ ಒಂದಿಷ್ಟು ಇಳಿಯುತ್ತದೆ, ಅಲ್ಲೇ ಇವರ ಮನಸ್ಸಿದೆ ಎಂಬುದು ಕೊನೇ ಬೆಂಚಿನವರಿಗೂ ಗೊತ್ತಿತ್ತು.

ಅವರನ್ನು ಓದಿಸಿದವಳು ಅಕ್ಕ. ತಾಯಿ ತೀರಿಕೊಂಡಾಗ ಅವರಿಗೆ ಆರು ವರ್ಷ, ಅವಳಿಗೆ ಹದಿನಾರು. ಹೊಲಿಗೆ ಯಂತ್ರ ತುಳಿದು ತುಳಿದು ತಮ್ಮನನ್ನು ದಡ ಸೇರಿಸಿದಳು. ಅವಳಿಗೂ ಮದುವೆಯಾಯಿತು, ಒಬ್ಬ ಮಗ ಹುಟ್ಟಿದ. ನಾಲ್ಕು ವರ್ಷ ತುಂಬಿ ಹದಿನೈದು ದಿನವಾಗಿತ್ತು, ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟ. ಮರುವರ್ಷ ಗಂಡ ಕೆಲಸ ಹುಡುಕಿಕೊಂಡು ಹೋದವನು ಹೋದವನೇ. ಅಕ್ಕ ಮತ್ತೆ ಯಂತ್ರದ ಮುಂದೆ ಕೂತಳು. ಮಗ ಹೋಗಿ ಮೂವತ್ತೊಂದು ವರ್ಷ. ಮಗುವಿನ ಮಾತನ್ನು ಅವಳೂ ಎತ್ತಲಿಲ್ಲ, ಇವರೂ ಕೆದಕಲಿಲ್ಲ.

ಈಗ ಅವಳ ಹೊಟ್ಟೆಯಲ್ಲಿ ಗಡ್ಡೆ. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ಮೇಲೆ ಮೇಷ್ಟ್ರು ರಜೆ ಹಾಕಿ ಅವಳ ಮನೆಗೇ ಬಂದರು. ಹೊಲಿಗೆಯ ಕೋಣೆಯಲ್ಲಿ ಬೆಳಕು ಚೆನ್ನಾಗಿದೆ ಎಂದು ಮಂಚ ಅಲ್ಲೇ ಹಾಕಿಸಿಕೊಂಡಳು. ಒಂದು ಮಧ್ಯಾಹ್ನ, ನೋವು ಸ್ವಲ್ಪ ತಗ್ಗಿದ್ದಾಗ, ಕೇಳಿದಳು:

"ಪುಟ್ಟ, ಅಷ್ಟೊಂದು ಪುಸ್ತಕ ಓದಿದ್ದೀಯಲ್ಲ, ಹೋದವರು ಎಲ್ಲಿಗೆ ಹೋಗ್ತಾರೆ ಅಂತ ಯಾರಾದ್ರೂ ಸರಿಯಾಗಿ ಬರೆದಿದ್ದಾರೇನೋ?"

"ಒಬ್ಬೊಬ್ಬರು ಒಂದೊಂದು ಹೇಳ್ತಾರೆ ಅಕ್ಕ."

"ಎಲ್ಲಾ ಹೇಳು. ನನಗೇನು ಬಸ್ಸು ತಪ್ಪಿಹೋಗುತ್ತಾ?"

ಮೇಷ್ಟ್ರು ನಕ್ಕು, ಕುರ್ಚಿ ಎಳೆದುಕೊಂಡು ಕೂತರು. ಕ್ರೈಸ್ತರೂ ಮುಸ್ಲಿಮರೂ ಸತ್ತವರು ಒಂದು ದಿನ ಮತ್ತೆ ಏಳುತ್ತಾರೆ, ಅಗಲಿದವರು ಸ್ವರ್ಗದಲ್ಲಿ ಒಂದಾಗುತ್ತಾರೆ ಎಂದು ನಂಬುವುದನ್ನು ಹೇಳಿದರು. ಅಕ್ಕನ ಕಣ್ಣು ಅರಳಿತು.

"ಅಲ್ಲಿ ಅವನಿಗೆ ಎಷ್ಟು ವಯಸ್ಸಾಗಿರುತ್ತೆ? ನಾಲ್ಕೋ, ಮೂವತ್ತೈದೋ?"

ಯಾರೆಂದು ಮೇಷ್ಟ್ರು ಕೇಳಬೇಕಾಗಲಿಲ್ಲ. "ಅದರಲ್ಲಿ ಪಂಡಿತರಿಗೆ ಒಮ್ಮತ ಇಲ್ಲ ಅಕ್ಕ."

"ಮೂವತ್ತೈದಾದ್ರೆ ನನಗೆ ಗುರುತು ಹತ್ತೋದು ಹೇಗೆ? ಹೋಗಲಿ, ಮುಂದೆ ಹೇಳು."

ಹಿಂದೂಗಳಲ್ಲಿ ಆತ್ಮ ಸಾಯುವುದಿಲ್ಲ, ಮೈ ಬದಲಿಸಿ ಮತ್ತೆ ಹುಟ್ಟುತ್ತದೆ ಎಂದರು. "ಹಾಗಾದ್ರೆ ಆಗಲೇ ಇನ್ನೊಬ್ಬಳು ತಾಯಿ ಸಿಕ್ಕಿರ್ತಾಳೆ ಅವನಿಗೆ," ಎಂದು ಅಕ್ಕ ಹೊದಿಕೆಯ ಅಂಚು ಸರಿಮಾಡಿಕೊಂಡಳು. ಸಾವು ಬಂದಾಗ ನಾವೇ ಇರುವುದಿಲ್ಲ, ಇನ್ನು ಭಯ ಯಾರಿಗೆ ಎಂದ ಹಳೆಯ ಗ್ರೀಕ್ ಚಿಂತಕರ ಮಾತಿಗೆ, "ಅವರಿಗೆ ಮಕ್ಕಳಿರಲಿಲ್ವಾ?" ಎಂದಳು. ಆಮೇಲೆ ತಮ್ಮನ ಮುಖವನ್ನೇ ನೋಡುತ್ತಾ, "ನೀನು ಯಾವುದನ್ನ ನಂಬ್ತೀಯ?" ಎಂದು ಕೇಳಿದಳು.

ಮಾತು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬುದ್ಧನ ಮಾರ್ಗದಲ್ಲಿ 'ನಾನು' ಎಂಬ ಗಟ್ಟಿ ವಸ್ತುವೇ ಇಲ್ಲ, ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದರೆ ಎರಡನೆಯದು ಅದೇ ಜ್ವಾಲೆಯೂ ಅಲ್ಲ, ಪೂರ್ತಿ ಬೇರೆಯೂ ಅಲ್ಲ, ಜನ್ಮವೂ ಹಾಗೇ ಮುಂದುವರಿಯುತ್ತದೆ ಎಂದು ತರಗತಿಯಲ್ಲಿ ಹೇಳುವಷ್ಟೇ ಚೆನ್ನಾಗಿ ಬಿಡಿಸಿ ಹೇಳಿದರು.

"ಅಂದ್ರೆ ನಾನು ಕಾಯ್ತಾ ಇರೋ ಮಗು ಎಲ್ಲೂ ಇಲ್ಲ."

"ಹಾಗಲ್ಲ ಅಕ್ಕ. ಹಿಡಿದುಕೊಂಡಷ್ಟೂ ದುಃಖ. ಬಿಟ್ಟರೆ..."

"ಹಿಡ್ಕೊಂಡಿದ್ದಕ್ಕೇ ಇಷ್ಟು ದಿನ ಬದುಕಿದ್ದೆ ಕಣೋ."

ಗೋಡೆಯ ಕಡೆಗೆ ಹೊರಳಿಕೊಂಡಳು. ಆ ಹೊತ್ತು, ಮರುದಿನ, ಅದರ ಮರುದಿನ, ನೀರು, ದಿಂಬು, ಕಿಟಕಿ ಇಷ್ಟು ಬಿಟ್ಟರೆ ಅವಳ ಬಾಯಿಂದ ಮಾತಿಲ್ಲ. ಪರೀಕ್ಷೆಗೆ ಓದುವ ಹುಡುಗರಿಗೆ ಹೇಳುವುದನ್ನು ಸಾಯುವ ಅಕ್ಕನಿಗೆ ಹೇಳಿದೆನಲ್ಲ ಎಂದು ಮೇಷ್ಟ್ರು ಒಳಗೊಳಗೇ ಬೆಂದರು. ಮೂರನೆಯ ಬೆಳಿಗ್ಗೆ ಅವಳ ಕೈ ಹಿಡಿದುಕೊಂಡರು.

"ಅಕ್ಕ, ಮೊನ್ನೆ ನಾನು ಹೇಳಿದ್ದು ತಪ್ಪು. ಅವನು ನಿನಗೆ ಸಿಗ್ತಾನೆ. ನಾಲ್ಕೇ ವರ್ಷದವನಾಗಿ ಸಿಗ್ತಾನೆ."

ಅಕ್ಕ ಅವರ ಕಡೆಗೆ ಹೊರಳಿದಳು. "ಸುಳ್ಳು ಹೇಳುವಾಗ ಈಗಲೂ ನಿನ್ನ ಕಿವಿ ಕೆಂಪಾಗುತ್ತೆ," ಎಂದು ಅವರ ಕಿವಿ ಮುಟ್ಟಿದಳು. "ಬಿಡು, ನಿನ್ನ ಮೇಲೆ ಸಿಟ್ಟಿಲ್ಲ. ಒಂದು ಕೇಳ್ತೀನಿ. ಅವನ ದನಿ ನಿನಗೆ ನೆನಪಿದೆಯಾ? ನನಗೆ ಮರೆತುಹೋಗಿದೆ ಪುಟ್ಟ. ಮುಖ ಇದೆ, ದನಿ ಇಲ್ಲ. ಯಾರ ಹತ್ರ ಹೇಳ್ಕೊಳ್ಳಲಿ?"

ಮೇಷ್ಟ್ರು ಕಣ್ಣು ಮುಚ್ಚಿ ಹುಡುಕಿದರು. ಬಟ್ಟೆಯ ಚೂರುಗಳ ರಾಶಿಯಲ್ಲಿ ಕೂತು ಅವನು ಕೂಗುತ್ತಿದ್ದದ್ದು ನೆನಪಿಗೆ ಬಂತು. 'ಮಾಮ' ಅನ್ನಲು ಬಾರದೆ 'ಬಾಬ' ಅನ್ನುತ್ತಿದ್ದ, ಕೊನೆಯಲ್ಲಿ ಎಳೆಯುತ್ತಿದ್ದ.

"ಬಾಬಾ... ಅಂತಿದ್ದ. ಸ್ವಲ್ಪ ಒಡಕು ದನಿ."

"ಇನ್ನೊಂದು ಸಲ ಅನ್ನು."

ಐವತ್ತು ದಾಟಿದ ಮೇಷ್ಟ್ರು ನಾಲ್ಕು ವರ್ಷದವನ ದನಿಯಲ್ಲಿ ಮತ್ತೆ ಮತ್ತೆ ಕೂಗಿದರು. ತಲೆಗೂದಲು ನರೆತ ಗಂಡಸಿನ ಗಂಟಲು, ಎಷ್ಟೆಂದರೂ ಅದು ಮಗುವಿನದಾಗಲಿಲ್ಲ. "ಹೂಂ, ಸುಮಾರಾಗಿ ಹಾಗೇ," ಎಂದಳು ಅಕ್ಕ, ಅವರಿಗೆ ಬೇಸರವಾಗದಿರಲಿ ಎಂದು. ಎರಡು ದಿನದ ಮೇಲೆ, ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಹೊತ್ತಿನಲ್ಲಿ, ಅವಳ ಉಸಿರು ನಿಂತಿತು.

ಸಾವನ್ನು ನೋಂದಾಯಿಸಲು ಮೇಷ್ಟ್ರು ಕಚೇರಿಗೆ ಹೋದರು. ಕಿಟಕಿಯ ಆಚೆ ಕೂತ ಗುಮಾಸ್ತೆ ಚಿಕ್ಕ ವಯಸ್ಸಿನ ಹೆಂಗಸು. ಒಂದೊಂದೇ ಕೇಳುತ್ತಾ ಬರೆದುಕೊಂಡಳು: ವಯಸ್ಸು, ಕಸುಬು, ವಿಳಾಸ.

"ಮಕ್ಕಳು?"

"ಒಬ್ಬ."

"ಈಗ ಎಲ್ಲಿದ್ದಾರೆ ಸರ್?"

ಮೇಷ್ಟ್ರು ಬಾಯಿ ತೆರೆದರು. ತೀರಿಕೊಂಡಿದ್ದಾನೆ ಎಂದರೆ ಮುಗಿಯುವ ಮಾತು. ಅದು ಹೊರಡಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಕಾಲು ಬದಲಿಸಿದರು. ಗುಮಾಸ್ತೆ ತಲೆಯೆತ್ತಿ, "ಸರ್, ಮಗ ಎಲ್ಲಿದ್ದಾರೆ ಅಂದೆ," ಎಂದಳು.

"ಗೊತ್ತಿಲ್ಲಮ್ಮ," ಎಂದರು ಮೇಷ್ಟ್ರು. "ನನಗೆ ಗೊತ್ತಿಲ್ಲ." ಕಿಟಕಿಯ ಕಟ್ಟೆಗೆ ಹಣೆ ಊರಿ, ಅಷ್ಟು ಜನರ ಎದುರಿಗೆ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ಗುಮಾಸ್ತೆ ಪೆನ್ನು ಕೆಳಗಿಟ್ಟು, ಬಾಗಿಲಿನಿಂದ ಸುತ್ತಿಕೊಂಡು ಈಚೆಗೆ ಬಂದು, ಅವರ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದಳು.