ಗ್ರಿಂಗಾಳ ಫೋಟೊ

ದೋನ್ ಫೋರ್ತುನಾತೊ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕ್ಯಾಮೆರಾವನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಇದು ಅವಳಲ್ಲ," ಅಂದರು.

ನಾನು ತಿರುಗಿ ಎಂಜಿನ್ ನೋಡಿದೆ. ಹತ್ತು ಹೆಜ್ಜೆ ದೂರದಲ್ಲಿ, ಮನೆಯಷ್ಟೆತ್ತರದ ಚಕ್ರದೊಂದಿಗೆ, ಮೈಯೆಲ್ಲ ತುಕ್ಕು ಹಿಡಿದು ಅದು ಇದ್ದಲ್ಲೇ ಇತ್ತು.

"ಅವಳಲ್ಲದೆ ಇನ್ಯಾರಂತೆ? ಅವಳ ತಂಗೀನಾ?" ಬಾಗಿಲ ಬಳಿ ಕೂತು ಉಣ್ಣೆ ಹೆಣೆಯುತ್ತಿದ್ದ ಅವರ ಹೆಂಡತಿ ದೋನ್ಯಾ ಕಸಿಲ್ದಾ ಕೇಳಿದರು.

"ನಿಂಗೆ ಗೊತ್ತಾಗಲ್ಲ ಸುಮ್ನಿರು."

"ಮದುವೆ ಫೋಟೊ ನೋಡಿದಾಗ್ಲೂ ಇದು ನಾನಲ್ಲ ಅಂದಿದ್ದೋನು ನೀನು. ಆಮೇಲೆ ಸಿಕ್ಕಿಹಾಕ್ಕೊಂಡಿದ್ದು ನೀನೇ ಅಲ್ವಾ?"

ನಮ್ಮ ಗಣಿ ಮುಚ್ಚಿದ್ದು ನಾನು ಹುಟ್ಟುವ ಮೊದಲು. ಆಳುಗಳನ್ನು ಪಂಜರದಲ್ಲಿ ನಿಲ್ಲಿಸಿ ಪಾತಾಳಕ್ಕೆ ಇಳಿಸುತ್ತಿದ್ದ, ಸಂಜೆ ಮತ್ತೆ ಎತ್ತುತ್ತಿದ್ದ ಎಂಜಿನ್ ಇದು. ಬಿಳಿಯರ ನಾಡಿನಿಂದ ಹಡಗಿನಲ್ಲಿ ಬಂದವಳಾದ್ದರಿಂದ ಊರಿನವರೆಲ್ಲ ಗ್ರಿಂಗಾ, ಅಂದರೆ ಬಿಳಿ ಹೆಂಗಸು, ಅನ್ನುತ್ತಾರೆ. ಅವಳನ್ನು ಕೊನೆಯದಾಗಿ ನಡೆಸಿದವರು ದೋನ್ ಫೋರ್ತುನಾತೊ, ಅದೂ ಮೂವತ್ತೊಂದು ವರ್ಷ.

ಗಣಿಗೆ ನೂರು ವರ್ಷ ತುಂಬಿದ ನೆನಪಿಗೆ ಗಣಿಗಾರರ ಸಂಘ ಕ್ಯಾಲೆಂಡರ್ ಮಾಡಿಸುತ್ತಿತ್ತು. ತಿಂಗಳಿಗೊಂದರಂತೆ ಹನ್ನೆರಡು ಹಳೇ ಯಂತ್ರಗಳು. ಯಂತ್ರವನ್ನು ಕೊನೆಗೆ ನಡೆಸಿದವನು ಫೋಟೊ ನೋಡಿ, ಒಪ್ಪಿ, ಸಹಿ ಹಾಕಬೇಕು. ಅವನು ಒಲ್ಲೆ ಅಂದರೆ ಅಚ್ಚಿಗೆ ಹೋಗುವಂತಿಲ್ಲ. ಕೆಲಸ ಸಿಕ್ಕಿದ್ದು ಪೇಟೆಯಲ್ಲಿ ಫೋಟೊ ಅಂಗಡಿ ಇಟ್ಟಿರುವ ನಮ್ಮ ಸತುರ್ನಿನಾ ಚಿಕ್ಕಮ್ಮನಿಗೆ. ಅವಳು ಸಂತೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಆರನೇ ತರಗತಿಗೆ ಶಾಲೆ ಬಿಟ್ಟು, ಅವಳ ಅಂಗಡಿಯಲ್ಲಿ ಗುರುತಿನ ಚೀಟಿಯ ಫೋಟೊಗಳನ್ನು ಕತ್ತರಿಸುತ್ತಿದ್ದ ನನ್ನ ಕೈಗೆ ಕ್ಯಾಮೆರಾ ಬಂತು.

"ಗುರುವಾರ ನಾಲ್ಕರ ಬಸ್ಸಿಗೆ ಹನ್ನೆರಡೂ ಸಹಿ ತಂದ್ರೆ ಕ್ಯಾಮೆರಾ ನಿಂದು, ಕ್ಯಾಲೆಂಡರ್ ಮೇಲೆ ಹೆಸರೂ ನಿಂದು," ಅಂದಿದ್ದಳು ಚಿಕ್ಕಮ್ಮ. "ಒಂದು ಕಮ್ಮಿ ಆದ್ರೂ ವಿಲ್ಬೆರ್‌ನ ಕಳಿಸ್ತೀನಿ."

ವಿಲ್ಬೆರ್ ಅವಳ ಮಗ. ನಗರದಲ್ಲಿ ಎರಡು ವರ್ಷ ಫೋಟೊಗ್ರಫಿ ಕಲಿತವನು. ತುಕ್ಕನ್ನು ಎಷ್ಟು ಹತ್ತಿರದಿಂದ ತೆಗೆಯುತ್ತಾನೆಂದರೆ ಅದು ಎಂಜಿನ್ನೋ ಸೀದ ರೊಟ್ಟಿಯೋ ಗೊತ್ತಾಗುವುದಿಲ್ಲ.

ಹನ್ನೊಂದು ಸಹಿ ಸಲೀಸಾಗಿ ಸಿಕ್ಕಿದ್ದವು. ಉಳಿದದ್ದು ಇದೊಂದೇ. ಯಾಕೆ ಅವಳಲ್ಲ ಎಂದು ಕೇಳಬೇಕಿತ್ತು. ಆದರೆ ನಾನು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಆ ಮಂಗಳವಾರವೂ ಹಾಗೇ ಆಯಿತು.

ಬುಧವಾರ ಹೋದಾಗ ದೋನ್ ಫೋರ್ತುನಾತೊ ಮತ್ತು ಶಾಲೆಯ ಕಾವಲುಗಾರ ದೋನ್ ತಿಬುರ್ಸಿಯೊ ಮೊಣಕೈವರೆಗೆ ಕೆಂಪಾಗಿ ನಿಂತಿದ್ದರು. ಗ್ರಿಂಗಾಳ ದೊಡ್ಡ ಚಕ್ರ ಅರ್ಧ ಕೆಂಪು, ಅರ್ಧ ತುಕ್ಕು.

"ನಿನ್ನೆಯಿಂದ ಯೋಚ್ನೆ ಮಾಡ್ದೆ ಮಗಳೇ," ಅಂದರು ದೋನ್ ಫೋರ್ತುನಾತೊ. "ಮುಖ ತೊಳೀದೆ ಯಾರಾದ್ರೂ ಫೋಟೊಗೆ ನಿಲ್ತಾರಾ? ಅದಕ್ಕೇ ಅವಳು ಅವಳ ಥರ ಕಾಣ್ಸಿಲ್ಲ."

"ಶಾಲೆ ಬಾಗಿಲಿಗೆ ತಂದಿದ್ದ ಬಣ್ಣ," ಎಂದರು ತಿಬುರ್ಸಿಯೊ ಹೆಮ್ಮೆಯಿಂದ. "ಖಾಲಿ ಆಗೋಯ್ತು. ಬಣ್ಣ ಬಳಿದಿರೋ ಕಡೆಯಿಂದ ತೆಗಿ."

ಎಂದಿನಂತೆ ಮೊದಲು ಯಂತ್ರಕ್ಕೆ ಕುಡಿಸಿದರು. ಚಕ್ರದ ಬುಡಕ್ಕೆ ನಾಲ್ಕು ಕೋಕಾ ಎಲೆ ಇಟ್ಟು, ಬಾಟಲಿಯಿಂದ ಮದ್ಯ ಚಿಮುಕಿಸಿದರು. ಕುಡಿಸದೆ ಮುಟ್ಟಿದರೆ ಯಂತ್ರ ಮುನಿಸಿಕೊಳ್ಳುತ್ತದೆ. ತಿಬುರ್ಸಿಯೊ ಉದಾರವಾಗಿ ಚಿಮುಕಿಸಿದ್ದರಿಂದ ಎರಡು ಹನಿ ಲೆನ್ಸಿಗೂ ಸಂದಾಯವಾಯಿತು. ಒರೆಸಿಕೊಂಡು ತೆಗೆದೆ.

ದೋನ್ ಫೋರ್ತುನಾತೊ ನೋಡಿದರು. ತಲೆಯಾಡಿಸಿದರು. "ಊಹೂಂ."

ದೋನ್ಯಾ ಕಸಿಲ್ದಾ ಇಣುಕಿದರು. "ಲಿಪ್‌ಸ್ಟಿಕ್ ಹಚ್ಕೊಂಡಿರೋ ಮೇಯರ್ ಹೆಂಡ್ತಿ ಥರ ಇದಾಳೆ."

ಫೋಟೊವನ್ನು ಮೊಬೈಲಿನಲ್ಲಿ ಚಿಕ್ಕಮ್ಮನಿಗೆ ಕಳಿಸಿದ ಅರೆನಿಮಿಷಕ್ಕೇ ಅವಳ ಕರೆ ಬಂತು. "ಇಲಾರಿಯಾ! ತುಕ್ಕು ಎಲ್ಲೇ? ನಾನು ಕೇಳಿದ್ದು ತುಕ್ಕು! ಇದೇನು ಬೆಂಕಿ ಆರಿಸೋ ಗಾಡೀನಾ? ನಾಳೆ ಸಂಜೆ ಆದ್ರೆ ಮುಗೀತು, ವಿಲ್ಬೆರ್ ಆಗ್ಲೇ ಚೀಲ ಕಟ್ಕೊಂಡು ಕೂತಿದಾನೆ."

ಹೂಂ ಅಂದೆ.

ಗುರುವಾರ ಬೆಳಿಗ್ಗೆ ಬೇಗನೆ ಹೋದೆ. ಎಂಜಿನ್ ಮನೆಯ ಮುಂಬಾಗಿಲು ತೆರೆದಿತ್ತು, ಒಳಗೆ ಯಾರೂ ಕಾಣಲಿಲ್ಲ. ಹಗ್ಗ ಸುತ್ತುವ ದೊಡ್ಡ ಉರುಳೆಯನ್ನು ಬಳಸಿಕೊಂಡು ಹಿಂದಕ್ಕೆ ಹೋದರೆ, ಗೋಡೆಗೆ ಒಂದು ಸಣ್ಣ ಹಿಂಬಾಗಿಲಿತ್ತು. ಅದರ ಪಕ್ಕದಲ್ಲೇ, ಕಬ್ಬಿಣದ ಪೀಠದ ಮೇಲೆ, ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ದೋನ್ ಫೋರ್ತುನಾತೊ ನನಗಾಗಿ ಕಾಯುತ್ತಿದ್ದರು. ನನ್ನ ಹೆಜ್ಜೆ ಅವರಿಗೆ ಕೇಳಿಸಿರಲಿಲ್ಲ. ನಾನು ಸುಮ್ಮನೆ ನಿಂತು ನೋಡಿದೆ. ನೋಡುವುದಷ್ಟು ನನಗೆ ಚೆನ್ನಾಗಿ ಬರುತ್ತದೆ.

ಅವರ ಎಡಗೈ ತನ್ನಷ್ಟಕ್ಕೆ ಹೋಗಿ, ಪಂಜರವನ್ನು ಇಳಿಸಿ ಏರಿಸುವ ಲಿವರಿನ ಮೇಲೆ ಕೂತಿತ್ತು. ಕಣ್ಣು ಒಮ್ಮೆ ಪಂಜರ ಎಷ್ಟು ಆಳದಲ್ಲಿದೆಯೆಂದು ತೋರಿಸುವ ಎದುರಿನ ದುಂಡನೆಯ ಮಾಪಕಕ್ಕೆ, ಒಮ್ಮೆ ಉರುಳೆಯ ಅಂಚಿಗೆ ಬಳಿದ ಬಿಳಿ ಪಟ್ಟೆಗೆ, ಮತ್ತೆ ಮಾಪಕಕ್ಕೆ ಹೋಗಿ ಬರುತ್ತಿತ್ತು. ನಮ್ಮಜ್ಜಿ ಗಡಿಗೆಯನ್ನೂ ಒಲೆಯನ್ನೂ ನೋಡುತ್ತಿದ್ದ ಹಾಗೆ. ದೊಡ್ಡ ಚಕ್ರದ ಕಡೆ ಅವರು ತಿರುಗಲೇ ಇಲ್ಲ. ತಿರುಗಿದರೂ ಕಾಣುತ್ತಿರಲಿಲ್ಲ, ಉರುಳೆ ಅಡ್ಡವಿತ್ತು. ಮೂವತ್ತೊಂದು ವರ್ಷ ಈ ಹಿಂಬಾಗಿಲಿನಿಂದ ಬಂದು, ಇಲ್ಲಿ ಕೂತು, ಇದರಿಂದಲೇ ಮನೆಗೆ ಹೋದವರು ಅವರು. ರಸ್ತೆಯಿಂದ ನಮಗೆಲ್ಲ ಕಾಣುವ ಗ್ರಿಂಗಾಳ ಮುಖ ಅವರಿಗೆ ಅಪರಿಚಿತರ ಮುಖವೇ.

ಪಕ್ಕದಲ್ಲಿ ನಿಂತು ತೆಗೆಯಲು ನೋಡಿದೆ. ಉಗಿಯ ಕೊಳವೆ ಅಡ್ಡ ಬಂತು. ಆ ಪೀಠದಲ್ಲೇ ಕೂರಬೇಕಿತ್ತು.

"ದೋನ್ ಫೋರ್ತುನಾತೊ," ಅಂದೆ. "ಸ್ವಲ್ಪ ಏಳ್ತೀರಾ? ನಾನಲ್ಲಿ ಕೂರ್ಬೇಕು."

"ಎಲ್ಲಿ?"

"ನಿಮ್ಮ ಜಾಗದಲ್ಲಿ."

ಅವರ ಹುಬ್ಬು ಮೇಲೇರಿತು. "ಮ್ಯಾನೇಜರನ್ನೇ ನಾನಿಲ್ಲಿ ಕೂರಿಸ್ಲಿಲ್ಲ. ಹೊರಗಡೆ ಬೆಂಚ್ ಇದೆ ಸಾಹೇಬ್ರೇ ಅಂದೆ. ನೀನು ಹೆಣ್ಣು ಬೇರೆ. ಹೆಂಗಸ್ರು ಗಣಿಗೆ ಕಾಲಿಟ್ರೆ ಅದಿರು ಬಚ್ಚಿಟ್ಕೊಳುತ್ತೆ, ಗೊತ್ತಿಲ್ವಾ?"

ಬೇರೆ ದಿನವಾಗಿದ್ದರೆ ತಪ್ಪಾಯಿತು ಎಂದು ಹಿಂದೆ ಸರಿಯುತ್ತಿದ್ದೆ. ಚೀಲ ಕಟ್ಟಿಕೊಂಡು ಕೂತಿದ್ದ ವಿಲ್ಬೆರ್ ಕಣ್ಣ ಮುಂದೆ ಬಂದ.

"ಇಲ್ಲಿ ಕೂರ್ದಿದ್ರೆ ನಾನು ಮತ್ತೆ ಮುಂದ್ಗಡೆಯಿಂದ್ಲೇ ತೆಗೀಬೇಕು," ಅಂದೆ. "ನೀವು ಮತ್ತೆ ಅವಳಲ್ಲ ಅಂತೀರಿ. ಅವಳನ್ನ ಮುಂದ್ಗಡೆಯಿಂದ ನೀವು ನೋಡಿರೋದೇ ಕಮ್ಮಿ. ನಿಮಗೆ ಗೊತ್ತಿರೋ ಗ್ರಿಂಗಾ ಇಲ್ಲಿಂದ ಕಾಣೋಳು. ನಾನು ಅವಳನ್ನ ತೆಗೀಬೇಕು."

ಆ ತಿಂಗಳಲ್ಲಿ ಒಟ್ಟಿಗೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಅಷ್ಟರಲ್ಲಿ ಬುತ್ತಿ ಹಿಡಿದು ಬಂದಿದ್ದ ದೋನ್ಯಾ ಕಸಿಲ್ದಾ ಹಿಂಬಾಗಿಲಲ್ಲಿ ನಿಂತು ಹೇಳಿದರು:

"ಹೆಂಗಸು ಕೂತ್ರೆ ದೋಷ ಅಂತೆ! ಎಂಜಿನ್ನಿಗೆ ಹೆಂಗಸಿನ ಹೆಸರಿಟ್ಟು ಅವಳ ಮಡಿಲಲ್ಲಿ ಮೂವತ್ತೊಂದು ವರ್ಷ ಕೂತಿದ್ದೋನು ಯಾರಪ್ಪಾ? ಏಳೋ ಮೇಲೆ."

ದೋನ್ ಫೋರ್ತುನಾತೊ ಎದ್ದರು. ಟೋಪಿಯಿಂದ ಪೀಠ ಒರೆಸಿದರು. ಲಿವರಿನ ಬುಡಕ್ಕೆ ಒಂದಿಷ್ಟು ಮದ್ಯ ಚಿಮುಕಿಸಿ ಏನೋ ಗೊಣಗಿದರು. "ಅವಳಿಗೆ ಹೇಳಿದೀನಿ, ಫೋಟೊಗೆ ಮಾತ್ರ ಅಂತ. ಬೇಗ ಮುಗಿಸು."

ಪೀಠ ಮಂಜುಗಡ್ಡೆಯಂತಿತ್ತು. ನನ್ನ ಕಾಲು ನೆಲಕ್ಕೆ ಎಟುಕಲಿಲ್ಲ.

"ಅಷ್ಟು ನೆಟ್ಟಗೆ ಕೂರ್ಬೇಡ," ಅಂದರು ಬೆನ್ನ ಹಿಂದಿನಿಂದ. "ತಗ್ಗು. ಕತ್ತು ಬಲಕ್ಕೆ ವಾಲಿಸು. ಕೆಳಗಿನವ್ರು ಬಾರಿಸೋ ಗಂಟೆ ಬಲಗಡೆ ಇತ್ತು, ಕಿವಿ ಅಲ್ಲೇ ಇರ್ಬೇಕು. ಇನ್ನೂ ವಾಲಿಸು. ಹಾಂ."

ಕತ್ತು ವಾಲಿಸಿದ ಕೂಡಲೇ ಎಲ್ಲವೂ ಒಂದು ಚೌಕಟ್ಟಿಗೆ ಬಂದು ಕೂತವು. ಕಂದು ಗುಡ್ಡದಂತೆ ಬಾಗಿದ ಉರುಳೆ, ಅದರಂಚಿನ ಬಿಳಿ ಪಟ್ಟೆ, ಮಸುಕು ಗಾಜಿನ ಹಿಂದೆ ಮಾಪಕದ ಮುಳ್ಳು, ತುದಿಯಲ್ಲಿ ಮಾತ್ರ ತುಕ್ಕಿಲ್ಲದೆ ಹೊಳೆಯುತ್ತಿದ್ದ ಲಿವರು. ಕ್ಲಿಕ್ ಮಾಡಿದೆ.

ದೋನ್ ಫೋರ್ತುನಾತೊ ಪರದೆಯನ್ನು ನೋಡಿದರು. ಹೆಬ್ಬೆರಳು ಮುಳ್ಳಿನ ಮೇಲೆ ನಿಂತಿತು.

"ಏಳನೇ ಅಂತಸ್ತು," ಅಂದರು ಮೆಲ್ಲಗೆ. "ಕೊನೇ ದಿನ ಪಂಜರ ನಿಲ್ಸಿದ್ದು ಅಲ್ಲೇ." ಸ್ವಲ್ಪ ತಡೆದು, "ಇವಳು. ಇವಳೇ ನೋಡು."

"ಎಲ್ಲಿ, ಎದ್ದೇಳು ಇಲಾರಿಯಾ, ನಾನೂ ನೋಡ್ತೀನಿ," ಎಂದು ದೋನ್ಯಾ ಕಸಿಲ್ದಾ ನನ್ನನ್ನು ಎಬ್ಬಿಸಿ, ಒಂದರ ಮೇಲೊಂದು ತೊಟ್ಟಿದ್ದ ಲಂಗಗಳನ್ನೆಲ್ಲ ಹರಡಿಕೊಂಡು ಪೀಠದ ತುಂಬ ಕೂತರು. ಆ ಕಡೆ ಈ ಕಡೆ ನೋಡಿದರು. "ಇಷ್ಟೇನಾ? ಒಂದು ಮುಳ್ಳು, ಒಂದು ಕೋಲು. ಇದಕ್ಕೇನಾ ದಿನಾ ನನ್ ಸಾರು ಆರಿಸ್ತಿದ್ದಿದ್ದು?" ಎನ್ನುತ್ತ ಲಿವರಿಗೆ ಕೈ ಹಾಕಿದರು.

"ಮುಟ್ಬೇಡ್ವೇ!" ಕೂಗಿದರು ದೋನ್ ಫೋರ್ತುನಾತೊ. "ಕೆಳಗಡೆ ಜನ ಇದಾರೆ!"

ಮೂವರೂ ಮುಖ ಮುಖ ನೋಡಿಕೊಂಡೆವು. ಮೊದಲು ನಕ್ಕಿದ್ದು ಅವರೇ. ನಕ್ಕು ನಕ್ಕು ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡರು. ಕಸಿಲ್ದಾ ಲಿವರನ್ನು ಬಿಡಲೇ ಇಲ್ಲ, "ಮೇಲೆ ಬರ್ರೋ, ಊಟ ಆರೋಗ್ತಿದೆ!" ಎಂದು ನೆಲದ ಕಡೆ ಬಾಗಿ ಕೂಗಿದರು. ನಗು ನಿಲ್ಲದೆ ದೋನ್ ಫೋರ್ತುನಾತೊ ಹಾಕಿದ ಸಹಿಯ ಗೆರೆ ಕಾಗದದ ಅಂಚಿನವರೆಗೂ ಓಡಿತು.

ನಾಲ್ಕರ ಬಸ್ಸಿಗೆ ಪೇಟೆ ತಲುಪಿದೆ. ಚಿಕ್ಕಮ್ಮ ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದಳು.

"ಮೂಲೆಯೆಲ್ಲ ಕತ್ತಲೆ. ಚಕ್ರಾನೇ ಇಲ್ಲ," ಅಂದಳು. ಆಮೇಲೆ ಸಹಿ ನೋಡಿದಳು. ಮತ್ತೆ ಫೋಟೊ ನೋಡಿದಳು. ಅವಳಿಗೇ ತಿಳಿಯದೆ ಅವಳ ಕತ್ತು ಬಲಕ್ಕೆ ವಾಲುತ್ತಿತ್ತು.

"ವಿಲ್ಬೆರ್, ಚೀಲ ಬಿಚ್ಚಪ್ಪ," ಎಂದು ಒಳಗೆ ಕೂಗಿ, ಕೀಲಿಮಣೆಯ ಮೇಲೆ ಬೆರಳಿಟ್ಟಳು. "ಅಡಿಯಲ್ಲಿ ಹೆಸರು ಏನಂತ ಹಾಕ್ಲೇ?"

"ಇಲಾರಿಯಾ ಯುಕ್ರಾ ಕೊಲ್ಕೆ," ಅಂದೆ, ಅಮ್ಮನ ಮನೆತನದ ಹೆಸರನ್ನೂ ಬಿಡದೆ.

"ಎದುರಿಗೇ ಇದೀನಿ ಕಣೇ, ಕಿರುಚ್ಬೇಡ," ಎಂದಳು ಚಿಕ್ಕಮ್ಮ, ಟೈಪು ಮಾಡುತ್ತ.