ಕೊಸರಿನ ತುಣುಕುಗಳು

ನನ್ನ ತಲೆ ಕೆಟ್ಟಿದೆಯೋ ಇಲ್ಲವೋ ಎಂಬುದು ಆ ಬೇಸಿಗೆಯಲ್ಲಿ ತೀರ್ಮಾನವಾಗಬೇಕಿತ್ತು. ಎಪ್ಪತ್ತೈದನೇ ಇಸವಿ. ನಾನು ಶಂಕರೆಪ್ಪ, ಸಿಂದಗಿಯಲ್ಲಿ ಬಸ್ಸುಗಳ ಕಂಟ್ರೋಲರ್. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ತಾಳಿಕೋಟೆ, ಯಾವ ಗಾಡಿ ಎಷ್ಟಕ್ಕೆ ಬಿಡುತ್ತದೆ, ಯಾವುದರ ಇಂಜಿನ್ನು ಯಾವ ಏರಿನಲ್ಲಿ ಕುದಿಯುತ್ತದೆ ಎಂಬುದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಟೈಫಾಯ್ಡ್‌ನಿಂದ ಎದ್ದು ಬಂದ ಮೊದಲ ದಿನವೇ ಮುದ್ದೇಬಿಹಾಳದ ಗಾಡಿಯನ್ನು ಇಂಡಿ ಗಾಡಿ ಎಂದು ಕೂಗಿಬಿಟ್ಟೆ. ಇಂಡಿ ಕಡೆಯ ಲಚ್ಯಾಣದ ಮಠಕ್ಕೆ ಹೊರಟಿದ್ದ ಒಂದು ಸಂಸಾರ ಬುತ್ತಿಯ ಗಂಟಿನ ಸಮೇತ ಇನ್ನೊಂದು ದಿಕ್ಕಿಗೆ ಹೋಯಿತು. ಮರುದಿನ ಬಂದ ಆ ಮನೆಯ ಮುದುಕಿ ಬೈಯಲಿಲ್ಲ. ನನ್ನ ಮುಖ ನೋಡಿ, "ಪಾಪ, ಜಡ್ಡಿನ್ಯಾಗ ತಲಿ ಹೋಗೇತಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ರಜೆ ಹಾಕಿ ಮನೆಯಲ್ಲಿ ಕೂತೆ. ತೋರಿಸಲು ಹೋದರೆ ಡಾಕ್ಟರು ಔಷಧ ಬರೆಯುವ ಬದಲು ಒಂದು ಆಟ ಹೇಳಿದರು. "ಚಿತ್ರಾ ತುಂಡು ತುಂಡು ಮಾಡಿ ಡಬ್ಬಿಯೊಳಗ ಹಾಕಿರ್ತಾರ. ಕೂತು ಜೋಡಸ್ರಿ. ದೊಡ್ಡವರು ಆಡೂದು ತಗೋರಿ, ಹುಡುಗರದು ಬ್ಯಾಡ. ಛಲೋದು ನೋಡಿ ತಗೋರಿ. ಕಷ್ಟ ಅನಿಸಬೇಕು, ಬ್ಯಾಸರ ಬರಬಾರದು." ಛಲೋದು ಯಾವುದು, ಅದನ್ನು ಗುರುತಿಸುವುದು ಹೇಗೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದು ಕೂತಿದ್ದ.

ಮನೆಗೆ ಬರುವ ದಾರಿಯಲ್ಲೇ ನಿಶ್ಚಯ ಮಾಡಿದೆ. ಚಿತ್ರ ಜೋಡಿಸಿ ಮುಗಿಸಿದರೆ ಮತ್ತೆ ಕೆಲಸಕ್ಕೆ ಹೋಗುವುದು, ಆಗದಿದ್ದರೆ ನೌಕರಿ ಬಿಡುವುದು. ಹೆಂಡತಿ ಸಾತವ್ವನಿಗೆ ಹೇಳಿದರೆ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಆಡೂ ಸಾಮಾನಿಗೆ ನೌಕರಿ ಒತ್ತಿ ಇಡ್ತೀರೇನು?"

"ನಿನಗ ತಿಳಿಯಂಗಿಲ್ಲ, ಸುಮ್ಮನಿರು," ಎಂದೆ. ನನಗೂ ತಿಳಿದಿರಲಿಲ್ಲ.

ಬಳೆ, ಪಾಟಿ, ಆಟಿಕೆ ಸಾಮಾನು ಎಲ್ಲ ಮಾರುವ ಬಾಬುಲಾಲನ ಅಂಗಡಿಗೆ ಇಬ್ಬರೂ ಹೋದೆವು. ಅವನು ಸೊಲ್ಲಾಪುರದಿಂದ ತಂದಿಟ್ಟ ಮೂರು ಡಬ್ಬಿಗಳನ್ನು ಮುಂದೆ ಸುರಿದ. ಒಂದರ ಮೇಲೆ ಆನೆ. ತುಣುಕುಗಳು ಅಂಗೈಯಗಲ ಇದ್ದವು. ಮನೆಯ ಬೆಕ್ಕು ಕೂಡ ಜೋಡಿಸಬಹುದಿತ್ತು. ಇನ್ನೊಂದರಲ್ಲಿ ಬರೀ ಸಮುದ್ರ, ಮೇಲೆ ಬರೀ ಆಕಾಶ. ಮೂರನೆಯದರಲ್ಲಿ ಯಾವುದೋ ಪರದೇಶದ ಸಂತೆ. ಹೂವಿನ ಅಂಗಡಿ, ಬಣ್ಣದ ಕೊಡೆಗಳು, ಟೊಪ್ಪಿಗೆ ಹಾಕಿದ ಹೆಂಗಸರು, ಹಿಂದೆ ಒಂದಿಷ್ಟು ನೀಲಿ ಆಕಾಶ.

"ಸಮುದ್ರಾ ತಗೋರಿ ಸಾಹೇಬ್ರ," ಎಂದ ಬಾಬುಲಾಲ. "ಇದರಷ್ಟು ಕಠಿಣ ಬ್ಯಾರೆ ಇಲ್ಲ. ಕಲೆಕ್ಟರ್ ಕುಂತ್ರೂ ಮುಗಿಯಂಗಿಲ್ಲ."

ಮುಗಿಯದ್ದನ್ನು ಕೊಂಡು ನಾನೇನು ಮಾಡಲಿ? ಆದರೆ ಸುಲಭದ್ದನ್ನು ಮುಗಿಸಿದರೆ ಅದಕ್ಕೇನು ಬೆಲೆ? ಆನೆಯನ್ನು ನೋಡಿದೆ, ಸಮುದ್ರವನ್ನು ನೋಡಿದೆ, ಬೆವರಿದೆ. ಅಷ್ಟರಲ್ಲಿ ಸಾತವ್ವ ಸೀರೆ ಆರಿಸುವ ಗತ್ತಿನಲ್ಲಿ ಕೂತುಬಿಟ್ಟಿದ್ದಳು. ತುಣುಕನ್ನು ಬಗ್ಗಿಸಿ ನೋಡಿದಳು. ಒದ್ದೆ ಬೆರಳಿನಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿದಳು. ಎರಡು ತುಣುಕು ಕೂಡಿಸಿ ಒಂದನ್ನು ಹಿಡಿದು ಎತ್ತಿದಳು. ಇನ್ನೊಂದೂ ಬಿಡದೆ ಜೊತೆಗೇ ಎದ್ದಿತು.

"ಈ ಸಂತೀದು ಘಟ್ಟಿ ಐತಿ," ಎಂದಳು. "ಸಮುದ್ರದಾಗ ನೋಡಾಕ ಏನೈತ್ರಿ? ಇದರಾಗ ಕೊಡೆ ಮುಗಿಸಿದ್ರ ಹೂವು, ಹೂವು ಮುಗಿಸಿದ್ರ ಮಂದಿ. ಬ್ಯಾಸರ ಬರಂಗಿಲ್ಲ."

ಸಂತೆಯನ್ನೇ ಕಟ್ಟಿಸಿದೆವು. ಆಗ ಸಾತವ್ವ ಕೊಸರು ಕೇಳಿದಳು. ನಮ್ಮ ಕಡೆ ಕೊಸರು ಹಾಕದೆ ಯಾವ ವ್ಯಾಪಾರವೂ ಮುಗಿಯುವುದಿಲ್ಲ. ಸೇರು ಜೋಳ ಅಳೆದ ಮೇಲೆ ಒಂದು ಹಿಡಿ ಜೋಳ, ಬದನೆಕಾಯಿ ತೂಗಿದ ಮೇಲೆ ಒಂದು ಬದನೆಕಾಯಿ. ಬಾಬುಲಾಲ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಇಲಿ ಕಡಿದ ಹಳೆಯ ಡಬ್ಬಿಯೊಂದರಿಂದ ಒಂದು ಹಿಡಿ ನೀಲಿ ತುಣುಕು ತೆಗೆದು, "ತಗೋರಿ ಅಕ್ಕಾರ, ನಿಮ್ಮ ಮಾತ್ಯಾಕ ತಗದ ಹಾಕಲಿ," ಎಂದು ನಮ್ಮ ಡಬ್ಬಿಗೆ ಹಾಕಿದ. ಜೋಳಕ್ಕೆ ಬಿದ್ದ ಕೊಸರು ಜೋಳವೇ ಆಗುತ್ತದೆ, ಇದರಿಂದಲೂ ಚಿತ್ರ ಒಂದಿಷ್ಟು ದೊಡ್ಡದಾಗುತ್ತದೆ ಎಂದು ಮೂವರೂ ನಂಬಿದೆವು. ಒಬ್ಬರಿಗೂ ಬೇರೆ ಹೊಳೆಯಲಿಲ್ಲ.

ಪಡಸಾಲೆಯಲ್ಲಿ ಹಲಗೆ ಹಾಕಿಕೊಂಡು ಕೂತೆ. ಅಂಚು ಬೇಗ ಕೂಡಿತು. ಹೂವಿನ ಅಂಗಡಿಯೂ ಎದ್ದು ನಿಂತಿತು. ಆಕಾಶಕ್ಕೆ ಕೈ ಹಾಕಿದಾಗ ಕುತ್ತಿಗೆಗೆ ಬಂತು. ನೀಲಿ ತುಣುಕು ಹಿಡಿದು ಹೀಗೆ ತಿರುಗಿಸಿದೆ, ಹಾಗೆ ತಿರುಗಿಸಿದೆ, ಮುಷ್ಟಿಯಿಂದ ಗುದ್ದಿದೆ; ಅದು ಎಲ್ಲಿಯೂ ಕೂರಲಿಲ್ಲ. ಕೊಸರಿನ ನೆನಪು ಒಮ್ಮೆಯೂ ಬರಲಿಲ್ಲ. ತಪ್ಪು ನನ್ನ ತಲೆಯದೇ ಎಂದು ಮೊದಲೇ ಒಪ್ಪಿಕೊಂಡಿದ್ದವನಿಗೆ ಬೇರೆ ಕಡೆ ಹುಡುಕುವ ಬುದ್ಧಿ ಎಲ್ಲಿಂದ ಬರಬೇಕು?

ಅದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆಯಿತು. ಊಟ ಮಾಡಿ ಮಲಗಿ ಏಳುವಷ್ಟರಲ್ಲಿ ಹಲಗೆಯ ಮೇಲೆ ಒಂದು ಹಳದಿ ಕೊಡೆ ಪೂರ್ತಿಯಾಗಿತ್ತು. ನಾನು ಜೋಡಿಸಿದ್ದೆನೇ? ಜೋಡಿಸಿದ್ದರೆ ನೆನಪೇಕಿಲ್ಲ? ಮರುದಿನ ಟೊಪ್ಪಿಗೆಯ ಹೆಂಗಸಿಗೆ ಎರಡೂ ಕೈ ಬಂದಿದ್ದವು. ಮುಟ್ಟಿ ಮುಟ್ಟಿ ನೋಡಿದೆ. ಸಾತವ್ವನನ್ನು ಕೇಳೋಣವೆಂದರೆ ಬಾಯಿ ಬರಲಿಲ್ಲ. ಕೇಳಿದರೆ ತಲೆ ಹೋದದ್ದನ್ನು ನಾನೇ ಡಂಗುರ ಹೊಡೆದಂತೆ. ಅಂದಿನಿಂದ ಊಟವಾದ ಮೇಲೆ ನಿದ್ದೆ ಮಾಡಬಾರದೆಂದು ಕೂತೆ. ಜ್ವರ ತಿಂದ ಮೈ ಕೇಳಲಿಲ್ಲ, ಗೋಡೆಗೆ ಒರಗಿದಲ್ಲೇ ಕಣ್ಣು ಮುಚ್ಚುತ್ತಿತ್ತು.

ಕಡೆಗೊಂದು ದಿನ ಎದ್ದು ನೋಡಿದರೆ ಒಂದೇ ಜಾಗ ಖಾಲಿ ಉಳಿದಿತ್ತು. ಅಲ್ಲಿ ಕೂರುವ ತುಣುಕು ಹುಡುಕಿ ಅದನ್ನೂ ತುಂಬಿದೆ. ಚಿತ್ರ ಮುಗಿಯಿತು. ಡಬ್ಬಿಯಲ್ಲಿ ಇನ್ನೂ ಒಂದು ಹಿಡಿ ತುಣುಕು ಉಳಿದಿದ್ದವು. ಸಂತೆಯಲ್ಲಿ ಒಂದು ತೂತೂ ಇಲ್ಲ, ಇವೆಲ್ಲಿ ಹೋಗಬೇಕು? ಮೂರು ಸಲ ನೋಡಿದೆ. ಅಳು ಬಂತು, ಅತ್ತೆ.

ಸಾತವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಏನಾತ್ರಿ?"

"ನೌಕರಿ ಬಿಡ್ತೇನಿ. ಚಿತ್ರಾ ಮುಗದೈತಿ, ತುಣುಕ ಉಳದಾವ. ಅರ್ಧಾ ಜೋಡಿಸಿದ್ದು ನನಗ ನೆನಪ ಇಲ್ಲ. ಮುದುಕಿ ಖರೇ ಹೇಳಿದ್ಲು, ನನ್ನ ತಲಿ ಹೋಗೇತಿ."

ಅವಳ ಮುಖ ಸಣ್ಣದಾಯಿತು. "ಅಯ್ಯ ಶಿವನ! ಅವನ್ನ ನಾ ಜೋಡಿಸೇನ್ರಿ."

"ನೀ?"

"ನೀವು ಮಲಗಿದಾಗ. ಒಂದು ತುಣುಕ ಇಟ್ಟು ಏಳೂಣಂತ ಕೂಡ್ತಿದ್ದೆ, ಏಳಾಕ ಮನಸ ಆಗ್ತಿರಲಿಲ್ಲ. ಹಂಚಿನ ಮ್ಯಾಲ ರೊಟ್ಟಿ ಕರ್ರಗಾದ್ರೂ ಖಬರ ಇರತಿರಲಿಲ್ಲ. ಇಷ್ಟು ಖುಷಿ ಯಾವಾಗ ಆಗಿತ್ತೋ ನನಗ. ಕೊನೀದು ಒಂದು ನಿಮಗಂತ ಬಿಟ್ಟಿದ್ದೆ."

"ಮತ್ತ ಇವು?" ಡಬ್ಬಿ ಅಲುಗಿಸಿದೆ.

"ಅವು ಕೊಸರಿನವಲ್ಲೇನ್ರಿ? ಬ್ಯಾರೆ ಚಿತ್ರದ್ದು ಅಂತ ತಿಳದು ನಾ ಆರಿಸಿ ಮುಚ್ಚಳದಾಗ ಇಡೂದು, ನೀವು ಮತ್ತ ಕಲಸೂದು!"

ನನಗೆ ಸಿಟ್ಟು ನೆತ್ತಿಗೇರಿತು. "ಬಾಯಿ ಬಿಟ್ಟು ಹೇಳಾಕ ಏನಾಗಿತ್ತ ನಿನಗ? ಜೀವಾ ಬಾಯಿಗೆ ಬಂದಿತ್ತು ನಂದು!"

"ನೀವ್ಯಾಕ ಕೇಳಲಿಲ್ಲ?" ಅವಳೂ ದನಿ ಏರಿಸಿದಳು. "ಇಷ್ಟು ಅಂಜಿದ್ರ ನನ್ನ ಮುಂದ ಹೇಳಬಾರದೇನು? ಒಂದು ಬಸ್ಸಿನ ಹೆಸರು ತಪ್ಪಿದ್ರ ಮುಗೀತೇನು ಜಗತ್ತು?"

"ಬಸ್ಸಿಂದಲ್ಲ ಸಾತವ್ವಾ," ಎಂದೆ. ಅಷ್ಟು ದಿನ ನನಗೇ ಹೇಳಿಕೊಳ್ಳದ ಮಾತು ಹೊರಬಂತು. "ಬಸ್ ತಪ್ಪಿದ ಮಂದಿ ಮರುದಿನ ತಿರುಗಿ ಬರತಾರ. ಇವತ್ತು ಮುದ್ದೇಬಿಹಾಳ ಮರತೆ. ನಾಳೆ ಮುಂಜಾನೆ ಎದ್ದು ನಿನ್ನ ಹೆಸರ ಮರತ್ರ ಏನ ಮಾಡ್ಲಿ?"

ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಪಕ್ಕ ಕೂತಳು.

"ಮರತ್ರ ನಾ ಹೇಳ್ತೇನಿ," ಎಂದಳು. "ದಿನಾ ಮರತ್ರ ದಿನಾ ಹೇಳ್ತೇನಿ. ಸಾತವ್ವ ಅಂತ."

ಸೋಮವಾರ ನಾನು ಕೆಲಸಕ್ಕೆ ಹೋದೆ.