ಬಕೆಟ್ಟಿನ ಪಾಳಿ

ಶುಕ್ರವಾರ ಬೆಳಿಗ್ಗೆ ವೆಲಿಕಾ ತನ್ನ ಮನೆಯ ಗೇಟಿನ ಮುಂದೆ ಹಾದುಹೋಗುತ್ತಿದ್ದ ಜೀಪನ್ನು ತಡೆದು, ಅದನ್ನು ಓಡಿಸುತ್ತಿದ್ದ ರಾಂಗೆಲನ ಕೈಗೆ ಒಂದು ಮುಚ್ಚಳದ ಡಬ್ಬಿಯನ್ನಿಟ್ಟಳು. ಒಳಗೆ ಬೇಯಿಸಿದ ಗೋಧಿ, ಅದರ ಮೇಲೆ ಸಕ್ಕರೆ ಪುಡಿ, ಒಂದಿಷ್ಟು ಅಕ್ರೋಟು. ಸತ್ತವರ ಹೆಸರಿನಲ್ಲಿ ಹಂಚುವ ಗೋಧಿ. ಅವಳ ಗಂಡ ದೋಬ್ರಿ ಸತ್ತು ಬರುವ ಭಾನುವಾರಕ್ಕೆ ನಲವತ್ತು ದಿನ.

“ಸಕ್ಕರೆ ಕಮ್ಮಿ ಹಾಕಿದೀನಿ ಅಣ್ಣ, ಬಿಸಿಲಿಗೆ ಹುಳಿಯಾಗ್ಬಾರ್ದು ಅಂತ,” ಎಂದಳು. “ಕೆರೆ ದಡದಲ್ಲಿ ಒಂದು ಹಿಡಿ ಚೆಲ್ಲಿ, ಉಳಿದಿದ್ದು ನೀವು ಮೂರು ಜನ ತಿನ್ನಿ. ಆಮೇಲೆ ಅವರ ಪರವಾಗಿ ಆ ಕೆರೆ ಹತ್ರ ಒಂದು ಮಾತು ಕ್ಷಮೆ ಕೇಳ್ಬಿಡಿ. ಹಾಳು ಮಾಡಿದ್ದು ಅವರೇ ತಾನೇ? ಆ ಭಾರ ಹೊತ್ಕೊಂಡು ಹೋಗೋದು ಬೇಡ ಪಾಪ.”

“ಆಯ್ತಮ್ಮ, ಕೇಳ್ತೀವಿ,” ಎಂದು ಹಿಂದಿನ ಸೀಟಿನಿಂದ ಮೆತೋದಿ ದೊಡ್ಡ ಗಂಟಲಿನಲ್ಲಿ ಹೇಳಿದ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಮಾಡಿಸಿದ ಗಂಟಲು ಅದು. ಅವನ ಪಕ್ಕದಲ್ಲಿ ಬೇಕರಿಯ ಸ್ಪಾಸ್, ಇನ್ನೂ ಊರು ದಾಟುವ ಮೊದಲೇ ಬುತ್ತಿ ಬಿಚ್ಚಿ ಒಣ ಸಾಸೇಜು ಅಗಿಯುತ್ತಿದ್ದ. ರಾಂಗೆಲ್ ಡಬ್ಬಿಯನ್ನು ಕಾಲಿನ ಸಂದಿಯಲ್ಲಿಟ್ಟುಕೊಂಡು ಗೇರು ಹಾಕಿದ. ಕೆರೆ ಹಾಳು ಮಾಡಿದವನು ದೋಬ್ರಿಯಲ್ಲ, ತಾನು ಎಂಬುದು ಅವನಿಗೆ ಹತ್ತು ವರ್ಷದಿಂದ ಗೊತ್ತಿತ್ತು.

ರಾಜ್ಲೋಗ್ ಊರಿನಿಂದ ಪಿರಿನ್ ಬೆಟ್ಟದ ಬುಡಕ್ಕೆ ಹೋಗುವ ಕಾಡುದಾರಿ ಹದಿನೆಂಟು ಕಿಲೋಮೀಟರು. ಅದನ್ನು ದಾರಿ ಎಂದು ಕರೆದವನ ಬಾಯಿಗೆ ಹುಳ ಬೀಳಬೇಕು. ಬಸ್ಸಿಲ್ಲ, ಬಾಡಿಗೆ ಕಾರಿನವರು ಬರುವುದಿಲ್ಲ, ನಡೆದರೆ ಮೊದಲ ದಿನವೆಲ್ಲ ಅಲ್ಲಿಗೇ ಮುಗಿಯಿತು. ಹಾಗಾಗಿ ದೋಬ್ರಿಯೂ ಸೇರಿ ನಾಲ್ವರು ಗೆಳೆಯರಲ್ಲಿ ಜೀಪಿದ್ದ ರಾಂಗೆಲನಿಗೆ ತುಸು ಹೆಚ್ಚಿನ ಗೌರವ. ಅರಣ್ಯ ಇಲಾಖೆಯವರು ಗುಜರಿಗೆ ಹಾಕಿದ ರಷ್ಯನ್ ಜೀಪನ್ನು ಕೊಂಡು, ಅದಕ್ಕೆ ಮನುಷ್ಯರಿಗೆ ಮಾಡುವಂತೆ ಆರೈಕೆ ಮಾಡಿಕೊಂಡಿದ್ದ. ಜೀಪು ಬಿಟ್ಟ ಮೇಲೆ ಒಂದು ದಿನದ ಏರು, ಒಂದು ರಾತ್ರಿ ಡೇರೆ, ಮರುದಿನ ಬೆಳಿಗ್ಗೆ ಇನ್ನೊಂದು ಕಡಿದಾದ ಏರು. ಅಲ್ಲಿ ಬಿಳಿ ಕಲ್ಲಿನ ಶಿಖರಗಳ ನಡುವೆ ಕುರುಡುಗೆರೆ. ಹರಿದು ಬರುವ ತೊರೆಯಾಗಲಿ ಹರಿದು ಹೋಗುವ ತೊರೆಯಾಗಲಿ ಕಣ್ಣಿಗೆ ಕಾಣದ್ದರಿಂದ ಆ ಹೆಸರು.

ಮೊದಲು ಅದರ ನೀರು ಎಷ್ಟು ತಿಳಿಯಾಗಿತ್ತೆಂದರೆ, ಮೂರಾಳು ಆಳದಲ್ಲಿ ಟ್ರೌಟ್ ಮೀನು ತಿರುಗುವಾಗ ಅದರ ಪಕ್ಕೆಯ ಕೆಂಪು ಚುಕ್ಕೆಗಳನ್ನು ದಡದಲ್ಲಿ ಕೂತೇ ನೋಡಬಹುದಿತ್ತು. ನಾಲ್ವರೂ ಮದುವೆಗೆ ಮುಂಚಿನಿಂದ ಪ್ರತಿ ಆಗಸ್ಟಿನಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಗಾಳಕ್ಕೆ ಚುಚ್ಚಲು ಕೆಳಗಿನ ಹೊಳೆಯಿಂದ ಬೆರಳುದ್ದದ ಜೀವಂತ ಮೀನುಗಳನ್ನು ಮುಚ್ಚಳದ ಬಕೆಟ್ಟಿನಲ್ಲಿ ಹೊತ್ತೊಯ್ಯುತ್ತಿದ್ದರು. ನೀರು ತುಳುಕಿಸದೆ ಅಷ್ಟೆತ್ತರ ಹೊರುವುದು ಹೆಣ ಹೊತ್ತಂಥ ಕೆಲಸ, ಅದಕ್ಕೇ ವರ್ಷಕ್ಕೊಬ್ಬರ ಪಾಳಿ. ಬಕೆಟ್ಟು ಯಾರದೋ, ಕೊನೆಯ ದಿನ ಉಳಿದ ಮೀನನ್ನು ನೀರಿನಿಂದ ನೂರು ಹೆಜ್ಜೆ ದೂರ ಒಯ್ದು ಹುಲ್ಲಿಗೆ ಸುರಿಯುವ ಹೊಣೆಯೂ ಅವನದೇ. ಅದೊಂದು ನಿಯಮದಲ್ಲಿ ಮಾತ್ರ ಅವರು ತಮಾಷೆ ಮಾಡುತ್ತಿರಲಿಲ್ಲ. ಆ ಪುಟ್ಟ ಮೀನು ಒಮ್ಮೆ ಕೆರೆಗೆ ಬಿತ್ತೆಂದರೆ ಟ್ರೌಟಿನ ಮೊಟ್ಟೆ, ಮರಿ ಎಲ್ಲ ತಿಂದು ತಾನೇ ತುಂಬಿಕೊಳ್ಳುತ್ತದೆಂದು ಅವರ ಅಪ್ಪಂದಿರ ಕಾಲದಿಂದ ಗೊತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಪಾಳಿ ದೋಬ್ರಿಯದು. ಆತ ಗುಡ್ಡಗಾಡಿನ ಸಣ್ಣ ರೈಲಿನಲ್ಲಿ ಗಾರ್ಡು, ಕೈಯಲ್ಲಿ ಹಸಿರು ಬಾವುಟ ಹಿಡಿದೇ ಹುಟ್ಟಿದವನಂತೆ ಶಿಸ್ತಿನ ಆಸಾಮಿ. ಕೊನೆಯ ಬೆಳಿಗ್ಗೆ ಅವನು ಡೇರೆ ಮಡಚುತ್ತಿದ್ದ. ನೀರು ತರಲು ಹೋದ ರಾಂಗೆಲ್ ದಡದ ನೆರಳಿನಲ್ಲಿದ್ದ ಬಕೆಟ್ಟಿನ ಮುಚ್ಚಳ ತೆಗೆದು ನೋಡಿದ. ಇಪ್ಪತ್ತೋ ಮೂವತ್ತೋ ಮೀನು, ಬಾಯಿ ಮೇಲೆತ್ತಿಕೊಂಡು ಉಸಿರಿಗೆ ಒದ್ದಾಡುತ್ತಿದ್ದವು. ಆ ವಾರವಷ್ಟೇ ಅವನ ಮಗಳಿಗೆ ಮಗು ಹುಟ್ಟಿತ್ತು. ಏನು ಕರುಣೆ ಉಕ್ಕಿತೋ, ಬಕೆಟ್ಟನ್ನು ಕೆರೆಗೇ ಬಗ್ಗಿಸಿಬಿಟ್ಟ. ಬದುಕಿಕೊಳ್ಳಲಿ ಎಂದುಕೊಂಡ. ಖಾಲಿ ಬಕೆಟ್ಟು ನೋಡಿದ ದೋಬ್ರಿ ಏನೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಎರಡು ಬೇಸಿಗೆ ಕಳೆದು ನೋಡಿದರೆ ದಡದುದ್ದಕ್ಕೂ ಆ ಮೀನಿನ ದಂಡು. ನೀರಿಗೆ ಪಾಚಿಯ ಬಣ್ಣ. ಆ ವರ್ಷ ಇಳಿದು ಬಂದು ಜೀಪಿನ ಬಳಿ ನಿಂತಾಗ ಮೆತೋದಿ ಕೇಳಿದ: “ಹೋದ ವರ್ಷ ಬಕೆಟ್ ನಂದು. ಹುಲ್ಲಿಗೆ ಸುರಿದಿದ್ದು ನೀವೆಲ್ಲ ನೋಡಿದೀರ. ಅದರ ಹಿಂದಿನ ವರ್ಷ ಯಾರ್ದು?”

ದೋಬ್ರಿ ರಾಂಗೆಲನ ಮುಖ ನೋಡಿದ. ಆ ನೋಟ ಮುಗಿಯಲು ಎಷ್ಟು ಹೊತ್ತು ಹಿಡಿಯಿತೋ. ರಾಂಗೆಲ್ ಸಿಗರೇಟು ಹಚ್ಚಿಕೊಂಡ, ಆಮೇಲೆ ಇಂಜಿನ್ನಿಗೆ ನೀರು ತುಂಬಬೇಕೆಂದು ಊಟೆಯ ಕಡೆ ನಡೆದ. ಬೆನ್ನ ಹಿಂದೆ ದೋಬ್ರಿಯ ದನಿ ಕೇಳಿಸಿತು: “ಬಕೆಟ್ ನಂದೇ.”

ಅಷ್ಟೇ ಸಾಕಾಯಿತು. ಮುಂದಿನ ವರ್ಷದಿಂದ ದೋಬ್ರಿ ಬರಲಿಲ್ಲ. ಅವನ ತಲೆಯ ಮೇಲೆ ಗೂಬೆ ಕೂರಿಸಿದ್ದಾಯಿತು, ಊರೆಲ್ಲ ಅದನ್ನೇ ನಂಬಿದ್ದೂ ಆಯಿತು. ‘ಅವನೇ ಒಪ್ಪಿಕೊಂಡನಲ್ಲ’ ಎಂದು ರಾಂಗೆಲ್ ಹತ್ತು ವರ್ಷ ತನಗೆ ತಾನೇ ಹೇಳಿಕೊಂಡ. ಬಕೆಟ್ಟು ತನ್ನದು ಎಂದನೇ ಹೊರತು ಸುರಿದವನು ತಾನು ಎಂದು ದೋಬ್ರಿ ಎಂದೂ ಹೇಳಿರಲಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಉಗುಳು ನುಂಗಿಕೊಂಡು ಬದುಕಿದ. ಮನುಷ್ಯ ಯಾವುದಕ್ಕೆ ಬೇಕಾದರೂ ಒಗ್ಗಿಕೊಳ್ಳುತ್ತಾನೆ, ತನ್ನ ಹೇಡಿತನಕ್ಕಂತೂ ಬೇಗ.

ಆದರೆ ಗೋಧಿಯ ಡಬ್ಬಿ ಬೆನ್ನಿನ ಚೀಲದಲ್ಲಿ ಕಲ್ಲಾಗಿತ್ತು. ಸತ್ತವನ ಪರವಾಗಿ ಕ್ಷಮೆ ಕೇಳಬೇಕಂತೆ! ಮೇಲೆ ಹತ್ತುವಾಗ ಅವನ ತಲೆಯಲ್ಲಿ ಅದೊಂದೇ ಇತ್ತು. ಈ ಸಲ ಹೇಳಲೇಬೇಕು, ಇವರಿಬ್ಬರ ಮುಂದೆ ಹೇಳಿ, ಇಳಿದ ಮೇಲೆ ವೆಲಿಕಾಗೂ ಹೇಳಬೇಕು. ಬದುಕಿದ್ದಾಗ ಕೊಡದಿದ್ದ ಮರ್ಯಾದೆಯನ್ನು ನಲವತ್ತನೆಯ ದಿನಕ್ಕಾದರೂ ದೋಬ್ರಿಗೆ ಹಿಂತಿರುಗಿಸಬೇಕು. ಗೆಳೆಯರು ಮುಖಕ್ಕೆ ಉಗಿಯಲಿ, ಅದಕ್ಕೂ ತಯಾರಾಗಿದ್ದ.

“ಏನೋ ರಾಂಗೆಲ್, ಸೊರಗಿದ ಕತ್ತೆ ಥರ ಏದುಸಿರು ಬಿಡ್ತಿದೀಯ?” ಎಂದು ಮೆತೋದಿ ಹಿಂದಿನಿಂದ ಕೆಣಕಿದ. “ಚೀಲ ಕೊಡು ಇಲ್ಲಿ.”

“ಬೇಡ.”

“ಕೊಡ್ಬೇಡ ಬಿಡು. ಅದ್ರಲ್ಲಿರೋ ಚೀಸ್ ಆದ್ರೂ ಕೊಡು,” ಎಂದ ಸ್ಪಾಸ್.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಕೆರೆ ತಲುಪಿದರು. ಶಿಖರದ ಸಂದಿನಲ್ಲಿ ಕೊಳೆ ಹಿಡಿದ ಒಂದು ತುಂಡು ಹಿಮ, ಕೆಳಗೆ ಬಟಾಣಿ ಸಾರಿನ ಬಣ್ಣದ ನೀರು. ಅಭ್ಯಾಸ ಬಲದಿಂದ ಮೂವರೂ ಗಾಳ ಎಸೆದು ಕೂತರು. ಎರಡು ತಾಸಿನಲ್ಲಿ ಸಿಕ್ಕಿದ್ದು ಒಂದೇ ಒಂದು ಟ್ರೌಟ್. ಮೈಯೆಲ್ಲ ಬತ್ತಿ ತಲೆ ಮಾತ್ರ ದೊಡ್ಡದಾಗಿ ಉಳಿದ ಮುದಿ ಮೀನು. ಕೊಕ್ಕೆ ಬಿಡಿಸುವಾಗ ಅದು ಕೊಸರಲೂ ಇಲ್ಲ. ಮೆತೋದಿ ಅದನ್ನು ವಾಪಸು ಬಿಟ್ಟು, “ಇಂಥ ನೀರು ಮಾಡಿಟ್ಟು ಹೋದ ನೋಡು ಪುಣ್ಯಾತ್ಮ,” ಎಂದ.

ಬಂಡೆಯ ಮೇಲೆ ಪತ್ರಿಕೆ ಹಾಸಿ ಬ್ರೆಡ್ಡು, ಚೀಸು, ಟೊಮೆಟೊ ಹರಡಿದರು. ಮೆತೋದಿ ಮೂರು ಲೋಟಕ್ಕೆ ರಕಿಯಾ ಎಂಬ ಹಣ್ಣಿನ ಸಾರಾಯಿ ಸುರಿದ. ಸತ್ತವರಿಗಾಗಿ ಕುಡಿಯುವಾಗ ಲೋಟಕ್ಕೆ ಲೋಟ ತಾಗಿಸುವುದಿಲ್ಲ. ತನ್ನ ಲೋಟದಿಂದ ಒಂದು ಗುಟುಕು ನೆಲಕ್ಕೆ ಚೆಲ್ಲಿ, ಟೋಪಿ ತೆಗೆದು, ಕೆರೆಯ ಕಡೆ ತಿರುಗಿ ನಿಂತ.

“ಅಮ್ಮಾ ಕುರುಡುಗೆರೆ,” ಎಂದು ಶುರುಮಾಡಿದ, ಶಾಲೆಯ ವಾರ್ಷಿಕೋತ್ಸವದ ದನಿಯಲ್ಲಿ. “ನಮ್ಮ ಗೆಳೆಯ ದೋಬ್ರಿ ತಿಳೀದೆ ಮಾಡಿದ ತಪ್ಪನ್ನ—”

“ನಿಲ್ಲಿಸೋ,” ಎಂದ ರಾಂಗೆಲ್.

ಮೆತೋದಿ ತಿರುಗಿದ.

“ಆ ಬಕೆಟ್ ಸುರಿದಿದ್ದು ನಾನು. ದೋಬ್ರಿ ಅಲ್ಲ. ನೀರಿಗೆ ಅಂತ ಹೋದೋನು ಸುರಿದ್ಬಿಟ್ಟೆ.” ಮುಂದಿನ ಮಾತಿಗೆ, ಬೈಗುಳಕ್ಕೆ, ಹೊಡೆತಕ್ಕೇ ಕಾದ.

ಮೆತೋದಿ ಟೋಪಿ ಹಾಕಿಕೊಂಡು ಕೂತ. ಸ್ಪಾಸ್ ಟೊಮೆಟೊಗೆ ಉಪ್ಪು ಉದುರಿಸುತ್ತಿದ್ದವನು ತಲೆ ಎತ್ತದೆ, “ಇವತ್ತೇ ಹೇಳ್ಬೇಕಿತ್ತಾ, ಊಟದ ಹೊತ್ತಲ್ಲಿ?” ಎಂದ.

“ಏನು?”

“ಗೊತ್ತು ಕಣೋ ನಮಗೆ,” ಎಂದ ಮೆತೋದಿ. “ದೋಬ್ರಿನೇ ಹೇಳಿದ್ದ. ಡೇರೆ ಮಡಚ್ತಾ ಇದ್ದೋನು ನೀನು ಬಗ್ಗಿಸಿದ್ದು ನೋಡಿದ್ನಂತೆ.”

“ಯಾವಾಗ ಹೇಳಿದ?”

“ಆವತ್ತೇ. ನೀನು ಜೀಪಿಗೆ ನೀರು ತರೋಕೆ ಹೋದೆಯಲ್ಲ, ಆಗ.”

ರಾಂಗೆಲನಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. “ಹತ್ತು ವರ್ಷ! ಹತ್ತು ವರ್ಷ ಗೊತ್ತಿದ್ದೂ ಅವನನ್ನ ದೂರ ಇಟ್ರಾ? ನೀವು ಮನುಷ್ಯರೇನ್ರೋ?”

“ನಮ್ಮನ್ನ ಕೇಳ್ತಾನಲ್ಲಪ್ಪ ಇವನು,” ಎಂದ ಸ್ಪಾಸ್. ಈಗ ತಲೆ ಎತ್ತಿದ್ದ. “ಜೀಪು ನಿಂದು ಕಣೋ. ನಿನ್ನ ಬಿಟ್ರೆ ಇಲ್ಲಿಗೆ ಯಾರು ಕರ್ಕೊಂಡು ಬರ್ತಿದ್ರು? ದೋಬ್ರಿ ಹತ್ರ ಇದ್ದಿದ್ದು ಒಂದು ಬಾವುಟ.”

ಹೇಳಿದ್ದರಲ್ಲಿ ವ್ಯಂಗ್ಯವಿರಲಿಲ್ಲ. ಬೇಕರಿಯವನು ಇವತ್ತು ಹಿಟ್ಟು ಮುಗಿಯಿತು ಎನ್ನುವ ಹಾಗೆ ಹೇಳಿದ. ಅದೇ ರಾಂಗೆಲನನ್ನು ಸುಟ್ಟಿತು.

“ಹಂಗೇನೂ ಅಲ್ಲ,” ಎಂದು ಮೆತೋದಿ ತೇಪೆ ಹಚ್ಚಲು ನೋಡಿದ. “ನಾವು ದೋಬ್ರಿಗೆ ಹೇಳಿದ್ವಿ, ಒಂದ್ ವರ್ಷ ನೀನು ಬರ್ಬೇಡ. ರಾಂಗೆಲ್ ತಾನಾಗೇ ಬಾಯಿ ಬಿಡ್ತಾನೆ, ಮನಸ್ಸು ತಡ್ಯಲ್ಲ ಅವನಿಗೆ, ಆಮೇಲೆ ಎಲ್ಲ ಮೊದಲಿನ ಥರ ಆಗುತ್ತೆ ಅಂತ. ಅವನೂ ಹೂಂ ಅಂದ. ನಾವೇನ್ ಕಂಡಿದ್ವಿ ನೀನು ಹಿಂಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋತೀಯ ಅಂತ? ಎರಡನೇ ವರ್ಷ ಆಯ್ತು, ಮೂರಾಯ್ತು, ಅಭ್ಯಾಸ ಆಗೋಯ್ತು.” ಲೋಟ ಕೆಳಗಿಟ್ಟು ಹೇಳಿದ: “ಪ್ರತಿ ವರ್ಷ ನಾವು ಇಳಿದು ಬಂದ ಮೇಲೆ ಸ್ಟೇಷನ್ ಹತ್ರ ಸಿಕ್ಕಿ ಕೇಳೋನು. ‘ಏನಾದ್ರೂ ಅಂದ್ನಾ?’ ಅಂತ. ಅಷ್ಟೇ. ಮೀನು ಸಿಕ್ತಾ ಅಂತ ಕೂಡ ಕೇಳ್ತಿರ್ಲಿಲ್ಲ.”

ರಾಂಗೆಲ್ ಡಬ್ಬಿ ತೆಗೆದುಕೊಂಡು ದಡಕ್ಕೆ ಹೋದ. ವೆಲಿಕಾ ಹೇಳಿದಂತೆ ಒಂದು ಹಿಡಿ ಗೋಧಿಯನ್ನು ಚೆಲ್ಲಿದ, ಅರ್ಧ ನೀರಿಗೇ ಬಿತ್ತು. ಕ್ಷಣದಲ್ಲಿ ಆ ಪುಟ್ಟ ಮೀನುಗಳು ಎಲ್ಲೆಲ್ಲಿಂದಲೋ ಸಾವಿರಗಟ್ಟಲೆ ನುಗ್ಗಿ, ನೀರನ್ನು ಕುದಿಸಿದಂತೆ ಮಾಡಿ, ಒಂದು ಕಾಳು ಬಿಡದೆ ತಿಂದು ಹೋದವು. ಅವನು ಬದುಕಿಸಿದ ಮೀನುಗಳು. ಚೆನ್ನಾಗಿಯೇ ಬದುಕಿದ್ದವು. ಅವನಿಗೆ ಅಳು ಬಂತು. ಹಿಂದೆ ಸ್ಪಾಸ್, “ಎಲ್ಲ ಸುರೀಬೇಡ್ವೋ, ನಮಗೂ ಇರ್ಲಿ,” ಎಂದು ಕೂಗಿದ.

ಭಾನುವಾರ ಇಳಿಯುವಾಗ ಜೀಪಿನ ಕೀಲಿ ರಾಂಗೆಲನ ಜೇಬಿನಲ್ಲಿತ್ತು. ಇವರಿಬ್ಬರನ್ನೂ ಕಾಡಿನಲ್ಲೇ ಬಿಟ್ಟು ಹೋಗಬೇಕು, ಹದಿನೆಂಟು ಕಿಲೋಮೀಟರು ನಡೆದು ಬರಲಿ ಎಂದು ಎಷ್ಟೋ ಸಲ ಅನ್ನಿಸಿತು. ಆದರೆ ಅವರ ತಪ್ಪು ತೂಗಲು ಹೋದಾಗಲೆಲ್ಲ ತನ್ನದೇ ಭಾರವಾಗುತ್ತಿತ್ತು. ಬಾಗಿಲು ತೆಗೆದ. ಇಬ್ಬರೂ ಹತ್ತಿ ತಮ್ಮ ತಮ್ಮ ಜಾಗದಲ್ಲಿ ಕೂತರು. ಅರ್ಧ ದಾರಿಯಲ್ಲಿ ಮೆತೋದಿ ಶಿಳ್ಳೆ ಹಾಕತೊಡಗಿದ, ಆಮೇಲೆ ನೆನಪಾಗಿ ನಿಲ್ಲಿಸಿದ.

ವೆಲಿಕಾಳ ಅಂಗಳದಲ್ಲಿ ಮೇಜು ಹಾಕಿದ್ದರು. ದೋಬ್ರಿಯ ಹೆಸರಿನ, ಸಾವಿನ ಸುದ್ದಿಯ ಕಪ್ಪಂಚಿನ ಕಾಗದವನ್ನು ಗೇಟಿಗೆ ಅಂಟಿಸಿದ್ದರು. ನಲವತ್ತನೆಯ ದಿನ ಗೇಟಿನ ಮುಂದೆ ಹಾದುಹೋಗುವ ಯಾರನ್ನೂ ಗೋಧಿ ಕೊಡದೆ ಕಳಿಸುವುದಿಲ್ಲ, ಶತ್ರುವನ್ನೂ ಕಳಿಸುವುದಿಲ್ಲ. ತೆಗೆದುಕೊಂಡವರು ‘ದೇವರು ಕ್ಷಮಿಸಲಿ’ ಎಂದು ಸತ್ತವರ ಪರವಾಗಿ ಹೇಳಬೇಕು. ಮೆತೋದಿ ಹೇಳಿದ, ತಿಂದ. ಸ್ಪಾಸ್ ಎರಡು ಸಲ ಹೇಳಿ ಎರಡು ತಟ್ಟೆ ತಿಂದ. ವೆಲಿಕಾ ಒಂದು ಪುಟ್ಟ ತಟ್ಟೆಯನ್ನು ರಾಂಗೆಲನ ಕೈಗಿಟ್ಟು, “ಕೇಳಿದ್ರಾ ಅಣ್ಣ, ಕೆರೆ ಹತ್ರ?” ಎಂದಳು.

“ಇಲ್ಲ ವೆಲಿಕಾ. ದೋಬ್ರಿ ಕೆರೆ ಹಾಳು ಮಾಡ್ಲಿಲ್ಲ. ಆ ಮೀನು ಸುರಿದೋನು ನಾನು. ಅವನು ನೋಡಿದ್ದ. ನಾನೇ ಹೇಳ್ಲಿ ಅಂತ ಕಾದ. ನಾನು ಹೇಳ್ಲಿಲ್ಲ.”

ಅವಳು ಮೊದಲು ಮೇಜಿನ ಕಡೆ ನೋಡಿದಳು. ಮೆತೋದಿ ತಟ್ಟೆಯೊಳಗೆ ಮುಖ ಹಾಕಿ ಕೂತಿದ್ದ, ಅದನ್ನು ನೋಡಿ ಅವಳಿಗೆ ಉಳಿದದ್ದೂ ತಿಳಿಯಿತು.

“ನಂಗೆ ಒಂದು ದಿನಾನೂ ಹೇಳ್ಲಿಲ್ಲವಲ್ಲ ಅವರು,” ಎಂದಳು. “ಹತ್ತು ವರ್ಷ ನಾನು ಅದನ್ನೇ ಚುಚ್ಚಿದೀನಿ ಅಣ್ಣ. ಒಂದು ಬಕೆಟ್ ನೆಟ್ಟಗೆ ಸುರಿಯೋಕೆ ಬರದ ಗಂಡಸು ಅಂತ. ಕೊನೇ ವಾರ ಆಸ್ಪತ್ರೇಲಿ ಕೈ ನಡುಗಿ ನೀರಿನ ಲೋಟ ಬೀಳಿಸಿದ್ರು. ಆಗ್ಲೂ ಅಂದೆ, ಕೆರೇನೇ ಹಾಳು ಮಾಡಿದೋರಿಗೆ ಲೋಟ ಯಾವ ಲೆಕ್ಕ ಅಂತ. ನಕ್ಕರು. ನನ್ನ ಮುಖ ನೋಡಿ ನಕ್ಕು ಸುಮ್ನಾದ್ರು.”

ರಾಂಗೆಲ್ ತಟ್ಟೆ ಹಿಡಿದೇ ನಿಂತಿದ್ದ.

ವೆಲಿಕಾ ಅವನ ಕೈಯಿಂದ ತಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡಳು. ಗೇಟಿನ ಹೊರಗೆ ಯಾರೋ ಪರಸ್ಥಳದವನು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಅವನನ್ನು ನಿಲ್ಲಿಸಿ ತಟ್ಟೆ ಕೊಟ್ಟಳು. ಆತ ಟೋಪಿ ತೆಗೆದು, “ಯಾರ ಹೆಸರಲ್ಲಿ ತಾಯಿ?” ಎಂದು ಕೇಳಿದ.

“ದೋಬ್ರಿ ಹೆಸರಲ್ಲಿ,” ಎಂದಳು ವೆಲಿಕಾ. “ಅವರು ಏನೂ ತಪ್ಪು ಮಾಡಿಲ್ಲ. ಆದ್ರೂ ದೇವರು ಕ್ಷಮಿಸಲಿ ಅನ್ನಿ.”

ಆತ ಹಾಗೆಂದು, ನಿಂತೇ ಗೋಧಿ ತಿಂದು, ಖಾಲಿ ತಟ್ಟೆ ಕೊಟ್ಟು ಹೋದ. ವೆಲಿಕಾ ಗೇಟು ಹಿಡಿದು ನಿಂತಳು, ರಾಂಗೆಲ್ ಹೊರಗೆ ಹೋಗಲಿ ಎಂದು.